ಮುತ್ತುಗಕ್ಕೆ ಕಟ್ಟಿದ ಹರಕೆ

ಮಾಕಳಿಯ ಗೌರಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಮಾತ್ರ ತುಂಬಿರಲಿಲ್ಲ. ಅತ್ತೆ ಪಟಾಲಮ್ಮ ಅವಳಿಗೆ ಕುಡಿಸದ ಕಷಾಯವಿಲ್ಲ, ಸುತ್ತಿಸದ ಗುಡಿಯಿಲ್ಲ. ಎಪ್ಪತ್ತೊಂಬತ್ತನೇ ಇಸವಿಯ ಶಿವರಾತ್ರಿಯಂದು ಮುದುಕಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: ಯುಗಾದಿ ಕಳೆಯಲಿ, ಲಕ್ಕಣ್ಣನಿಗೆ ಇನ್ನೊಂದು ಹೆಣ್ಣು ತರುತ್ತೇನೆ. ಗೌರಮ್ಮನ ಗಂಡ ಲಕ್ಕಣ್ಣ ತಲೆ ತಗ್ಗಿಸಿಕೊಂಡು ಮುದ್ದೆ ನುಂಗಿದ. ಗಂಡಸರಿಗೆ ಇಂಥ ಹೊತ್ತಿನಲ್ಲೇ ಹಸಿವು ಜಾಸ್ತಿ ನೋಡಿ.

ಅದೇ ದಿನಗಳಲ್ಲಿ ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುವ ಶಿವಲಿಂಗವ್ವ ಎಂಬ ವಿಜಾಪುರದ ಕಡೆಯ ಹುಡುಗಿ ಬಸ್ಸಿಳಿದು ಬಂದಳು. ಲಕ್ಕಣ್ಣನ ಹೊಲದ ಬದುವಿನ ಮುತ್ತುಗ ಮೈತುಂಬ ಕೆಂಪಗೆ ಹೂಬಿಟ್ಟಿತ್ತು. ಏಣಿ ಹತ್ತಿ ಕೆಲವು ಗೊಂಚಲುಗಳಿಗೆ ಬಲೆಯ ಚೀಲ ಕಟ್ಟಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದಳು.

ಗೌರಮ್ಮ ದೂರದಿಂದಲೇ ನೋಡಿದಳು. ಅಷ್ಟು ಓದಿದವಳೇ ಬಸ್ಸು ಹತ್ತಿ ಬಂದು ಕಟ್ಟುತ್ತಾಳೆಂದರೆ ಈ ಮರದಲ್ಲಿ ಎಂಥ ಶಕ್ತಿ ಇರಬೇಕು! ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲಿಸುವುದಿಲ್ಲ, ಹಾಗಾಗಿ ಅವಳು ಹುಡುಗಿಯನ್ನು ಏನೂ ಕೇಳಲಿಲ್ಲ. ಮಾರನೆಯ ದಿನ ತಲೆಗೆ ನೀರು ಹಾಕಿಕೊಂಡು, ಮದುವೆಯಲ್ಲಿ ಬಂದಿದ್ದ ಕುಪ್ಪಸದ ಕಣವನ್ನು ಕೈಗೆಟುಕಿದ ಗೊಂಚಲಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಇಲ್ಲಿ ಕಾಯಿ ಕಚ್ಚಿದರೆ ನನ್ನಲ್ಲೂ ಕಚ್ಚಲಿ ಎಂದು ಬೇಡಿಕೊಂಡಳು.

ಯುಗಾದಿಗೆ ವಾರವಿದೆ ಎನ್ನುವಾಗ ಗಂಟು ಬಿಚ್ಚಿದರೆ ಒಳಗೆ ಒಣಗಿ ಉದುರಿದ ಹೂವಷ್ಟೇ. ಪಕ್ಕದ ಬರಿಗೊಂಚಲಿನಲ್ಲಿ ಎಳೆಗಾಯಿ ತೂಗುತ್ತಿತ್ತು. ಗೌರಮ್ಮ ಅಲ್ಲೇ ಕುಸಿದು ಕೂತು ಅತ್ತಳು.

ಕಾಯಿ ಎಣಿಸಲು ಬಂದ ಶಿವಲಿಂಗವ್ವ ಸಂಗತಿ ಕೇಳಿ ಮೊದಲು ನಕ್ಕಳು, ಆಮೇಲೆ ನಾಲಗೆ ಕಚ್ಚಿಕೊಂಡಳು. ತಾನು ಕಟ್ಟಿದ್ದು ಹರಕೆಯಲ್ಲ, ಪರೀಕ್ಷೆ ಎಂದಳು. ಜೇನು ನುಸುಳಬೇಕು, ಹಕ್ಕಿ ನುಸುಳಬಾರದು, ಅಂಥ ಬಲೆ. ಅವಳ ಚೀಲಗಳಲ್ಲೂ ಕಾಯಿಯಿಲ್ಲ. ಮೇಲಿನ ಕೊಂಬೆಯಲ್ಲಿ ಉಳಿದಿದ್ದ ಹೂವಿಗೆ ಗೊರವಂಕವೊಂದು ತಲೆ ತೂರಿಸಿ ಮಕರಂದ ಹೀರುತ್ತಿತ್ತು. ತಲೆ ಎತ್ತಿದಾಗ ಹಣೆಯೆಲ್ಲ ಹಳದಿ ಪುಡಿ. ಅದೇ ಹಣೆ ಹೊತ್ತು ಆಚೆಯ ಇನ್ನೊಂದು ಮುತ್ತುಗದ ಹೂವಿಗೆ ಹಾರಿತು. ಆ ಪುಡಿ ತಗುಲಿದರೇ ಕಾಯಿ ಎಂದು ಹುಡುಗಿ ಬಿಡಿಸಿ ಹೇಳಿದಳು.

"ನಿಮ್ಮ ಹೂವಿನ್ಯಾಗ ಏನೂ ಕುಂದಿಲ್ರೀ ಅಕ್ಕಾರ. ಹಕ್ಕಿ ಬರಲಿಲ್ಲ, ಅಷ್ಟ."

ಗೌರಮ್ಮ ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು. ಒಂಬತ್ತು ವರ್ಷ ಎಲ್ಲರೂ ಹೂವನ್ನೇ ಬೈದರಲ್ಲ! ಹಕ್ಕಿಯ ಸುದ್ದಿ ಒಬ್ಬರಾದರೂ ಎತ್ತಿದರೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಮನೆಗೆ ನಡೆದಳು.

ಲಕ್ಕಣ್ಣ ಉಣ್ಣುತ್ತಿದ್ದ. ನಾಳೆ ಯಶವಂತಪುರದ ಡಾಕ್ಟರ ಹತ್ತಿರ ಹೋಗೋಣ, ನೀವೂ ತೋರಿಸಿಕೊಳ್ಳಬೇಕು ಎಂದಳು. ಗಂಡಸಿನ ಮಾನ ತೆಗೀತೀಯಾ ಎಂದು ಪಟಾಲಮ್ಮ ಬಾಯಿ ಮಾಡಿದಳು. ಗೌರಮ್ಮ ಜಗ್ಗಲಿಲ್ಲ.

"ಇಬ್ರನ್ನೂ ನೋಡ್ಲಿ ಅತ್ತೆ. ಕುಂದು ನಂದೇ ಆದ್ರೆ, ನೀವು ತರೋ ಹೆಣ್ಣಿಗೆ ನಾನೇ ನಿಂತು ಆರತಿ ಎತ್ತೀನಿ."

ಲಕ್ಕಣ್ಣನಿಗೆ ಅಂದು ಮುದ್ದೆ ಸೇರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಲೆಯೆತ್ತಿ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.