ಚೂರತ್ತೆಯ ಕತ್ತರಿ

ಯಾರೇ ಎದುರಾಗಲಿ, ಚೂರತ್ತೆ ಮೊದಲು ಅವರ ಮುಖ ನೋಡುತ್ತಿರಲಿಲ್ಲ. ಅಂಗಿಯ ತೋಳಂಚನ್ನೋ ಹೆಗಲ ಮೇಲಿನ ಶಾಲಿನ ತುದಿಯನ್ನೋ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಹಗುರವಾಗಿ ಹೊಸಕಿ, ಆ ನೇಯ್ಗೆಯ ಕುಲಗೋತ್ರವನ್ನೆಲ್ಲ ವಿಚಾರಿಸಿಕೊಂಡ ಮೇಲಷ್ಟೇ ಕಣ್ಣೆತ್ತಿ, "ಏನು, ಚೆನ್ನಾಗಿದೀರಾ?" ಎನ್ನುತ್ತಿದ್ದರು. ಹೊಸದಾಗಿ ಬಂದ ಅಂಚೆಯವನು ಮೊದಲ ದಿನ ಬೆಚ್ಚಿ ಹಿಂದೆ ಸರಿದಿದ್ದ. ಆಮೇಲಾಮೇಲೆ ತಾನೇ ತೋಳು ಚಾಚಿ, "ಹೊಸ ಅಂಗಿ ಅಮ್ಮಾ, ನೋಡಿ ಹೇಳಿ" ಎನ್ನುವಷ್ಟು ಪಳಗಿದ. "ಎರಡು ಒಗೆತ ತಡೆಯುತ್ತೆ. ಆಮೇಲೆ ನನ್ನ ಹತ್ರ ತಂದುಬಿಡು" ಎಂದು ಅವರು ನಿರ್ವಿಕಾರವಾಗಿ ತೀರ್ಪು ಕೊಟ್ಟರು.

ಚೂರತ್ತೆ ಎಂಬ ಹೆಸರು ಇಟ್ಟವರು ಅವರ ಅಣ್ಣನ ಮಕ್ಕಳು. ಅಂಗೈಯಗಲದ ಬಟ್ಟೆ ಚೂರನ್ನೂ ಬಿಸಾಡದ ಈ ಅತ್ತೆ, ಬೀದಿಗೆಲ್ಲ ಚೂರತ್ತೆಯಾಗಿ, ಕೊನೆಗೆ ತಮ್ಮ ಬಾಗಿಲ ಫಲಕದ ಮೇಲೂ ಅದನ್ನೇ ಬರೆಸಿಕೊಂಡರು. ನಡೆಯುವಾಗ ಬಲಕ್ಕೆ ತುಸು ವಾಲುತ್ತಿದ್ದರು. ಅವರು ವರ್ಷಾನುಗಟ್ಟಲೆ ಕೆಲಸ ಮಾಡಿದ್ದ ಪರದೆ–ಮೇಲುಹಾಸಿನ ಅಂಗಡಿಯವರು ಕೊಟ್ಟ ಉದ್ದನೆಯ ಬೂದುಬಣ್ಣದ ಕೋಟನ್ನು ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ಅದರ ಬಲಜೇಬಿನಲ್ಲಿ ಕಬ್ಬಿಣದ ದೊಡ್ಡ ಕತ್ತರಿ, ಎದೆಯ ಎಡಮಡಿಕೆಯ ತುಂಬ ಗುಂಡುಸೂಜಿ. ಅಪ್ಪಿಕೊಳ್ಳಲು ಬರುವ ಮಕ್ಕಳಿಗೆ ಬಲಗಡೆಯಿಂದ ಬರಬೇಕೆಂಬ ತಿಳಿವಳಿಕೆ ಹುಟ್ಟಿನಿಂದಲೇ ಬಂದಂತಿತ್ತು.

ಆ ಅಂಗಡಿಯ ಒಂದು ಗೋಡೆಯುದ್ದಕ್ಕೂ ಫ್ರೆಂಚ್ ಮಾದರಿಯ ಅಚ್ಚುಬಟ್ಟೆಗಳಿದ್ದವು. ಹಿಂದಿನ ಕಾಲದ ಫ್ರೆಂಚ್ ಅಚ್ಚುಗಳನ್ನು ನೋಡಿಕೊಂಡು ಹೊಸದಾಗಿ ಮುದ್ರಿಸಿದವು ಅವು: ಕೆನೆಬಣ್ಣದ ನೆಲದ ಮೇಲೆ ಒಂದೇ ಕೆಂಪಿನಲ್ಲಿ ಉಯ್ಯಾಲೆ, ದೋಣಿ, ಕೋಳಿಗಳಿಗೆ ಕಾಳು ಚೆಲ್ಲುವ ಹೆಂಗಸು; ಕಡುನೀಲಿಯ ಮೇಲೆ ಸಾಸಿವೆ ಎರಚಿದಂಥ ಹೂವು. ಚೂರತ್ತೆಗೆ ಆ ಬಟ್ಟೆಗಳ ಮೇಲೆ ಇದ್ದದ್ದು ಭಕ್ತಿಯಲ್ಲ, ಸಲಿಗೆ. ನಿವೃತ್ತರಾದ ಮೇಲೆ ಮನೆಯ ಮುಂಗೋಣೆಯಲ್ಲಿ, ಹಳೆಯ ಬಾಗಿಲೊಂದನ್ನೇ ಮೇಜು ಮಾಡಿಕೊಂಡು, ನೆರೆಯ ಹೆಂಗಸರಿಗೆ ಬಟ್ಟೆಚೂರು ಜೋಡಿಸಿ ಕೌದಿ ಹೊಲಿಯಲು ಕಲಿಸತೊಡಗಿದಾಗ, ಅವರ ಮೊದಲ ಪಾಠವೇ ಎಲ್ಲರನ್ನೂ ನಡುಗಿಸುತ್ತಿತ್ತು: ನಿಮ್ಮಲ್ಲಿರುವ ಅತಿ ಚೆಲುವಾದ ಬಟ್ಟೆ ತನ್ನಿ, ಅದನ್ನೇ ಮೊದಲು ಕತ್ತರಿಸಿ.

ದಂತವೈದ್ಯೆಯೊಬ್ಬರು ಆ ಕಡುನೀಲಿ ಅಚ್ಚುಬಟ್ಟೆಯ ತುಂಡೊಂದನ್ನು ಮಗುವಿನಂತೆ ಎದೆಗವಚಿಕೊಂಡು ಬಂದಿದ್ದರು. "ಕತ್ತರಿಸೋಕೆ ಮನಸ್ಸೇ ಬರ್ತಿಲ್ಲ ಅಮ್ಮಾ."

"ನಿಮಗೆ ಮನಸ್ಸು ಬರೋವರೆಗೂ ನುಸಿ ಕಾಯುತ್ತಾ? ಊರವರ ಹಲ್ಲು ಕೀಳೋವಾಗ ನಡುಗದ ಕೈ ಇಲ್ಲಿ ಯಾಕೆ ನಡುಗಬೇಕು?"

ವೈದ್ಯೆ ನಕ್ಕರು, ಕತ್ತರಿಸಿದರು, ಓರೆಯಾಗಿ ಕತ್ತರಿಸಿದರು. "ಅದಕ್ಕೇನಂತೆ" ಎಂದರು ಚೂರತ್ತೆ. ಅದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಓರೆಯನ್ನು ಮೂಲೆಗೆ ತಿರುಗಿಸಿ ಜೋಡಿಸಿದಾಗ, ಮೊದಲಿನಿಂದಲೂ ಹಾಗೇ ಯೋಚಿಸಿದ್ದೆವು ಎನ್ನುವಂತೆ ಕಂಡಿತು.

ಇಷ್ಟು ದಿಟ್ಟತನ ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ಚೂರತ್ತೆಯ ತಾಯಿಯ ಮಂಚದ ಮೇಲೆ ಇದೇ ಫ್ರೆಂಚ್ ಮಾದರಿಯ ಕೆಂಪು ಅಚ್ಚಿನ ದೊಡ್ಡದೊಂದು ಮೇಲುಹಾಸಿತ್ತು. ಅಣ್ಣ, ಚೂರತ್ತೆ, ಕಿರಿಯ ತಂಗಿ, ಮೂವರು ಮಕ್ಕಳೂ ಜ್ವರ ಬಂದಾಗ ಅದರ ಮೇಲೆ ಮಲಗಿ, ದೋಣಿಯಲ್ಲಿ ಕುಳಿತವರಿಗೆ ಹೆಸರಿಟ್ಟು, ಉಯ್ಯಾಲೆಯ ಹುಡುಗಿ ಯಾವಾಗ ಇಳಿಯುತ್ತಾಳೆಂದು ಕಾದವರು. ತಾಯಿ ತೀರಿಕೊಂಡ ಮೇಲೆ ಅದು ಯಾರಿಗೆಂಬ ಪ್ರಶ್ನೆ ಎದ್ದಿತು. ಅಣ್ಣ ಸರ್ವೇ ಇಲಾಖೆಯಲ್ಲಿದ್ದವರು. ಊರ ಜನರ ಗಡಿತಂಟೆಗಳನ್ನೆಲ್ಲ ಕಂಡು ಕಂಡು, ಯಾವುದನ್ನೇ ಆಗಲಿ ಪಾಲು ಮಾಡುವುದೆಂದರೆ ಹೆದರುತ್ತಿದ್ದವರು. ಚೂರತ್ತೆ ಸರಳವಾಗಿ, "ಮೂರು ಭಾಗ ಮಾಡ್ತೀನಿ, ಮೂರು ಕೌದಿ ಹೊಲಿತೀನಿ. ಮೂರು ಮನೇಲೂ ಇರುತ್ತೆ" ಎಂದರು.

ಅಣ್ಣ ಮೇಲುಹಾಸನ್ನು ಮಡಿಚುತ್ತ, ತಲೆಯೆತ್ತದೆ ಕೇಳಿದರು: "ಅಮ್ಮನ್ನೇ ಕತ್ತರಿಸ್ತೀಯಾ?"

ಮೇಲುಹಾಸು ಅಣ್ಣನ ಟ್ರಂಕು ಸೇರಿತು, ಬೀಗ ಬಿತ್ತು. ಚೂರತ್ತೆ ಎದ್ದು ಹೋದರು. ಆಮೇಲೆ ಹಲವು ವರ್ಷ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಕ್ಕಳು ಬರುತ್ತಿದ್ದರು, ಅತ್ತಿಗೆ ಬರುತ್ತಿದ್ದರು, ಬಾಗಿಲಲ್ಲಿ ಎಲ್ಲರಿಗೂ ನಗು ಕಾದಿರುತ್ತಿತ್ತು. ಅಣ್ಣನ ಮಾತು ಬಂದರೆ ಮಾತ್ರ ಹೊಲಿಗೆಯಂತ್ರದ ಪೆಡಲು ಜೋರಾಗಿ ತುಳಿಯಲ್ಪಡುತ್ತಿತ್ತು.

ಮನೆ ಬದಲಾಯಿಸುವ ಕಾಲಕ್ಕೆ ಅಣ್ಣ ಆ ಟ್ರಂಕು ತೆರೆದರು. ಒಂದು ಮಧ್ಯಾಹ್ನ, ಪಾಠದ ಹೆಂಗಸರೆಲ್ಲ ಹೋದ ಮೇಲೆ, ಮುಂಗೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಗಂಟು. ಬಿಚ್ಚಿ ಮೇಜಿನ ಮೇಲೆ ಹರಡಿದರು. ಮಡಿಕೆ ಬಿದ್ದಲ್ಲೆಲ್ಲ ಬಟ್ಟೆ ತೇವಕ್ಕೆ ಕೊಳೆತು, ನುಸಿ ತಿಂದು, ಮುಟ್ಟಿದರೆ ಪುಡಿಯಾಗುವಂತಿತ್ತು. ಅಳೆದಳೆದು ಮಡಿಸಿದ ಕೈ ಅವರದು. ಹಾಳೂ ಅಷ್ಟೇ ಅಚ್ಚುಕಟ್ಟಾಗಿ, ಸಾಲು ಸಾಲಾಗಿ ಹಬ್ಬಿತ್ತು.

"ಜೋಪಾನ ಮಾಡಿದೆ ಅಂದುಕೊಂಡಿದ್ದೆ" ಎಂದರು ಅಣ್ಣ.

ಚೂರತ್ತೆಯ ನಾಲಿಗೆಯ ತುದಿಯಲ್ಲಿ ವರ್ಷಗಳಿಂದ ಸಾಣೆ ಹಿಡಿದಿಟ್ಟ ಮಾತೊಂದಿತ್ತು. ಆದರೆ ಅವರು ಆಗಲೇ ಬಟ್ಟೆಯನ್ನು ಮುಟ್ಟಿಯಾಗಿತ್ತು. ಕೊಳೆತ ಗೆರೆಗಳ ನಡುವಿನ ಚೌಕಗಳು ಇನ್ನೂ ಗಟ್ಟಿಯಾಗಿದ್ದವು. ಹೆಬ್ಬೆರಳಿಗೆ ತಾಯಿಯ ಮಂಚ ಹಾಗೆಯೇ ತಾಕಿತು. ಆ ಮಾತು ಅಲ್ಲೇ ಕರಗಿತು.

"ಅದಕ್ಕೇನಂತೆ" ಎಂದರು. ಸೀಮೆಸುಣ್ಣವನ್ನೂ ಅಳತೆಪಟ್ಟಿಯನ್ನೂ ಅಣ್ಣನ ಮುಂದೆ ತಳ್ಳಿದರು. "ಗೆರೆ ಎಳೆಯೋದು ನಿನ್ನ ಕಸುಬು ತಾನೇ? ಎಳಿ. ಗಟ್ಟಿ ಇರೋದನ್ನ ನಾನು ತೋರಿಸ್ತೀನಿ."

ಅಣ್ಣ ಕನ್ನಡಕ ಒರೆಸಿಕೊಂಡು ಗೆರೆ ಎಳೆದರು. ಕತ್ತರಿ ಬಾಯಿ ತೆರೆದಾಗ ಕಿಟಕಿಯತ್ತ ತಿರುಗಿ ನಿಂತರು; ಮೂರನೆಯ ಚೌಕದ ಹೊತ್ತಿಗೆ ತಿರುಗಿ ಬಂದು, ಬಟ್ಟೆಯ ತುದಿ ಹಿಡಿದುಕೊಂಡರು. ಕೊರತೆ ಬಿದ್ದದ್ದಕ್ಕೆ ಹಳೆಯ ಅಂಗಡಿಯಿಂದ ಅದೇ ಅಚ್ಚಿನ ಹೊಸ ಬಟ್ಟೆ ಬಂತು. ಅದರ ಕೆಂಪು ಕಣ್ಣು ಕುಕ್ಕುವಂತಿತ್ತು. ಕಿರಿಯ ತಂಗಿ ಫೋನಿನಲ್ಲೇ ಗೊಣಗಿದಳು: "ಚಹಾದಲ್ಲಿ ಅದ್ದಿ ಮಾಸಲು ಮಾಡಬಾರದಾ ಅಕ್ಕಾ? ಎರಡೂ ಹೊಂದಿಕೊಳ್ಳುತ್ತೆ."

"ಹಳೇದು ಹಳೇದಾಗೇ ಕಾಣಲಿ, ಹೊಸದು ಹೊಸದಾಗೇ ಕಾಣಲಿ. ಜೊತೇಲಿದ್ರೆ ತಾವೇ ಹೊಂದಿಕೊಳ್ತವೆ."

ಮೂರು ಕೌದಿಗಳೂ ಆದವು. ತಂಗಿಯದು ಅವಳ ಸೋಫಾ ಸೇರಿತು. ಅಣ್ಣನ ಹೊಸ ಮನೆಗೆ ಚೂರತ್ತೆ ಮೊದಲ ಬಾರಿ ಹೋದಾಗ, ಮಂಚದ ಮೇಲೆ ಅಂಗಡಿಯಿಂದ ಕೊಂಡ ಹೊದಿಕೆ ಇತ್ತು; ಕೌದಿ ಬೀರುವಿನೊಳಗೆ, ಬಿಳಿಯ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆಯ ಕಾವಲಿನಲ್ಲಿತ್ತು. ಚೂರತ್ತೆ ಅದನ್ನೆಳೆದು, ಕೊಡವಿ, ಹಾಸಿಗೆಯ ಮೇಲೆ ಹರಡಿ, ಅದರ ನಟ್ಟನಡುವೆ ಕಾಲು ಚಾಚಿ ಕುಳಿತರು.

"ಹಾಳಾಗುತ್ತೆ ಕಣೇ" ಎಂದರು ಅಣ್ಣ.

"ಆಗಲಿ. ಹರಿದರೆ ತಾ, ತೇಪೆ ಹಾಕ್ತೀನಿ. ಇವತ್ತಿಂದ ಹೊದ್ದುಕೋ."

ಅಣ್ಣ ಮಂಚದ ಇನ್ನೊಂದು ತುದಿಯಲ್ಲಿ ತಾವೂ ಕುಳಿತರು. ಅತ್ತಿಗೆ ಬಂದು ನೋಡುವಾಗ, ನರೆತ ತಲೆಯ ಇಬ್ಬರು, ದೋಣಿಯಲ್ಲಿದ್ದವನ ಹೆಸರು ಏನೆಂದು ವಾದಕ್ಕಿಳಿದಿದ್ದರು.

ಇಂಥವರನ್ನು ಲೋಕ ಬೇಗ ಅರ್ಥ ಮಾಡಿಕೊಳ್ಳುವುದಿಲ್ಲ. ಮುಚ್ಚಿಡುವವರಿಗೆ ಭಾವುಕರೆಂಬ ಹೆಸರು, ಬಳಸುವವರಿಗೆ ಒರಟರೆಂಬ ಹೆಸರು. ಆದರೆ ಪ್ರೀತಿಯ ವಸ್ತುವನ್ನು ಸವೆಯಲು ಬಿಡುವುದಕ್ಕೆ, ಅದನ್ನು ಬಚ್ಚಿಡುವುದಕ್ಕಿಂತ ಹೆಚ್ಚಿನ ನಂಬಿಕೆ ಬೇಕು: ನಾಳೆಯೂ ಕೈಯಿರುತ್ತದೆ, ದಾರವಿರುತ್ತದೆ, ತೇಪೆ ಹಾಕಿಸಿಕೊಳ್ಳಲು ಬರುವವರೂ ಇರುತ್ತಾರೆ ಎಂಬ ನಂಬಿಕೆ. ಆ ನಂಬಿಕೆ ಇದ್ದವರು ಒಬ್ಬರಾದರೂ ಇದ್ದರೆ, ಆ ಮನೆಯವರು ಚಳಿಗೆ ನಡುಗುವುದಿಲ್ಲ.