ಅಟ್ಟ ಖಾಲಿ ಮಾಡಿದ ವರ್ಷ

ನಮ್ಮಪ್ಪನ ಮೈಯಲ್ಲಿ ಸದಾ ಕೊಬ್ಬರಿ ವಾಸನೆ. ಅವನು ಅರಸೀಕೆರೆಯಿಂದ ಸಂಜೆ ಬಸ್ಸಿಗೆ ಬಂದು ಇನ್ನೂ ಬೀದಿ ತಿರುಗುತ್ತಿರುವಾಗಲೇ ಅಡುಗೆಮನೆಯಲ್ಲಿದ್ದ ಅಮ್ಮ, "ನಿಮ್ಮಪ್ಪ ಬಂದ್ರು, ಕಾಫಿಗೆ ನೀರಿಡೇ ಶಿಲ್ಪಾ" ಎನ್ನುತ್ತಿದ್ದಳು. ನನ್ನ ಮೂಗಿಗೆ ಏನೂ ಬಡಿಯುತ್ತಿರಲಿಲ್ಲ. "ನಿನ್ನನ್ನ ಪೊಲೀಸ್ ಸ್ಟೇಷನ್ನಿಗೆ ಕೊಡ್ಬೇಕಿತ್ತು ಕಣಮ್ಮ, ನಾಯಿ ಸಾಕೋ ಖರ್ಚು ಉಳೀತಿತ್ತು" ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳೇ ಹೊರತು ಮೂಗನ್ನು ಬಿಟ್ಟುಕೊಡುತ್ತಿರಲಿಲ್ಲ.

ವಾಸನೆ ಇರದೆ ಇನ್ನೇನು? ಆ ಮನೆಯಲ್ಲಿ ನಾವಿದ್ದದ್ದು ಕೆಳಗೆ, ತೆಂಗಿನಕಾಯಿಗಳಿದ್ದದ್ದು ನಮ್ಮ ತಲೆಯ ಮೇಲೆ. ಸುಲಿಯದೆ ಅಟ್ಟಕ್ಕೆ ಹಾಕಿದ ಕಾಯಿಯೊಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಪ್ಪ ಆಗಾಗ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ" ಎಂದು ವಾಪಸ್ ಇಡುತ್ತಿದ್ದ. ಅವಸರ ಎಂಬುದು ನಮ್ಮಪ್ಪ ಕರಿಬಸವಯ್ಯನವರ ಜಾತಕದಲ್ಲೇ ಇರಲಿಲ್ಲ.

ತೊಂಬತ್ತೆಂಟನೇ ಇಸವಿ. ನಾನು ಪಿಯುಸಿಯಲ್ಲಿದ್ದೆ. ಅಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ, ಒಟ್ಟು ಆರು ಸಲ. ಬೆಳಗಿನ ರೈಲಿಗೆ ಮೂವರೂ ಹೋಗುವುದು, ಮಾರನೇ ದಿನ ಬರುವುದು. ಮೊದಲ ಸಲ ವಾಪಸ್ ಬಂದ ಅಮ್ಮ ಹೊಸ್ತಿಲಲ್ಲೇ ಬಾಗಿ ಕಾರಿಕೊಂಡಳು. ನಾಲ್ಕು ದಿನ ಗಂಜಿಯೂ ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ. ಅಪ್ಪ ಚೊಂಬು ಹಿಡಿದು ಹತ್ತಿರ ಹೋದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ದೂರ ಹೋಗ್ರೀ, ನಿಮ್ ವಾಸ್ನೆ ತಡ್ಯಕಾಗಲ್ಲ" ಎಂದು ಅತ್ತಳು.

ಅಪ್ಪ ಚಾಪೆ ಸುತ್ತಿಕೊಂಡು ಜಗಲಿಗೆ ಹೋದ. ದಿನಕ್ಕೆ ಮೂರು ಸಲ ಸ್ನಾನ ಶುರುವಾಯಿತು. ಹಳೆಯ ಪಂಚೆ, ಅಂಗಿಗಳನ್ನೆಲ್ಲ ಸೋಡಾ ಹಾಕಿ ಕುದಿಸಿದ. ಎರಡನೇ ಕೀಮೋ ಆದ ಮೇಲೂ ಅಮ್ಮನ ಪಾಡು ಅದೇ ಆದಾಗ, ಆರು ತಿಂಗಳಷ್ಟೇ ಆಗಿದ್ದ ಕಾಯಿಯನ್ನು ಅಟ್ಟದಿಂದ ಇಳಿಸಿ ಗಾಡಿಗೆ ತುಂಬಿಸಿ ಊರಾಚೆ ತನ್ನ ಗೆಳೆಯ ಲಕ್ಕಪ್ಪನ ತೋಟದ ಮನೆಗೆ ಸಾಗಿಸಿದ.

"ಏನ್ಲಾ ಬಸವಯ್ಯ, ಹೆಂಡ್ತಿ ಮೂಗಿಗೆ ಹೆದ್ರಿ ಅಟ್ಟಾನೇ ಖಾಲಿ ಮಾಡ್ತಿದೀಯಲ್ಲ" ಎಂದ ಲಕ್ಕಪ್ಪ.

"ಮೂಗೂ ಅವಳ್ದೇ, ಮನೇನೂ ಅವಳ್ದೇ ಕಣ್ಲಾ. ನೀನು ಕಾಯಿ ಇಳಿಸ್ಕೋ" ಎಂದ ಅಪ್ಪ.

ಅಟ್ಟ ಖಾಲಿಯಾಯಿತು, ವಾಂತಿ ನಿಲ್ಲಲಿಲ್ಲ. ಮೂರನೆಯದಕ್ಕೆ ಹೊರಡುವ ಹಿಂದಿನ ದಿನ ಅಮ್ಮ ಗೋಡೆಯತ್ತ ತಿರುಗಿ ಮಲಗಿಬಿಟ್ಟಳು. ಅಪ್ಪ ಜಗಲಿಯ ಮೇಲೆ ನಿಂತು ಕಿಟಕಿಯಿಂದಲೇ ಬೇಡಿಕೊಂಡ. ಕೊನೆಗೆ ಅವಳು, "ಇದೊಂದ್ಸಲ ಬತ್ತೀನಿ. ಈ ಸಲಾನೂ ಹಿಂಗೇ ಆದ್ರೆ ಮತ್ತೆ ಕರೀಬ್ಯಾಡಿ. ನಾನು ಸತ್ರೂ ಸರಿ" ಎಂದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

ವಾರ್ಡಿನಲ್ಲಿ ಕಮಲಾಕ್ಷಮ್ಮ ಎಂಬ ನರ್ಸ್ ಇದ್ದರು. ಬೇಲೂರಿನವರು, ನಾವು ಅರಸೀಕೆರೆ ಕಡೆಯವರೆಂದು ಒಂದಿಷ್ಟು ಹೆಚ್ಚೇ ಸಲುಗೆ. ಅವರು ವಾಂತಿ ಮಾತ್ರೆಯ ಚೀಟಿ ಬರೆಯಿಸಲು ಹೊರಟಾಗ ಅಪ್ಪ ಜೇಬಿನಿಂದ ಮಾತ್ರೆಯ ಹಾಳೆಗಳನ್ನು ತೆಗೆದು, ಮನೆ ಹಿಡಿತದಲ್ಲಿ ನಡೆಸುವ ಯಜಮಾನನ ಠೀವಿಯಲ್ಲಿ, "ಬ್ಯಾಡ ತಾಯಿ, ಹಿಂದಿನವೇ ಬೇಕಾದಷ್ಟು ಮಿಕ್ಕವೆ" ಎಂದ.

ಕಮಲಾಕ್ಷಮ್ಮ ಹಾಳೆಗಳನ್ನು ತಿರುಗಿಸಿ ನೋಡಿದರು. "ಇವು ಮಿಕ್ಕಿದ್ ಹೆಂಗೆ? ಯಾವಾಗ ಕೊಡ್ತಿದ್ರಿ?"

"ವಾಂತಿ ಬಂದಾಗ."

"ಅಯ್ಯೋ ಯಜಮಾನ್ರೇ! ವಾಂತಿ ಬರ್ದೇ ಇರ್ಲಿ ಅಂತ ಕೊಡೋ ಮಾತ್ರೆ ಇದು. ಬಂದ ಮೇಲೆ ಕೊಟ್ರೆ ಅದೂ ಆಚೆಗೇ ಬರುತ್ತೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸ್ತೀರೋ, ಮನೆಯೆಲ್ಲ ಸೋರಿದ್ಮೇಲೋ?"

ನಾನು ನೆಲ ನೋಡಿದೆ. ಮೊದಲ ಸಲವೇ ಅವರು ಬಿಡಿಸಿ ಹೇಳಿದ್ದರು, ಕೇಳಿಸಿಕೊಂಡವಳು ನಾನೇ. ತಲೆನೋವಿನ ಮಾತ್ರೆ ತಲೆ ನೋಯುವಾಗ, ವಾಂತಿ ಮಾತ್ರೆ ವಾಂತಿ ಬಂದಾಗ ಎಂದು ತಿಳಿದು ಸುಮ್ಮನೆ ತಲೆಯಾಡಿಸಿದ್ದೆ. ಪಿಯುಸಿ ಸೈನ್ಸ್ ಓದುತ್ತಿದ್ದ ಜಾಣೆ! ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಸಲ ಸೂಜಿಗೆ ಮೊದಲೇ ಮಾತ್ರೆ ನುಂಗಿಸಿದರು. ಮನೆಗೆ ಬಂದ ಮೇಲೆ, ಹೊಟ್ಟೆ ತೊಳಸಲಿ ಬಿಡಲಿ, ಬೆಳಿಗ್ಗೆ ಒಂದು, ಸಂಜೆ ಒಂದು ನಾನೇ ಕೊಟ್ಟೆ. ರೈಲಿನಲ್ಲಿ ವಾಂತಿಯಾಗಲಿಲ್ಲ. ಹೊಸ್ತಿಲಲ್ಲೂ ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಅಮ್ಮ ಎರಡು ತುತ್ತು ಮೊಸರನ್ನ ತಿಂದು ಗೋಡೆಗೊರಗಿ ಕೂತಿದ್ದಳು. ಬಾಗಿಲ ಹತ್ತಿರ ಯಾರೋ ಬಂದಂತಾಯಿತು.

"ಯಾರೇ ಅದು, ಶಿಲ್ಪಾ?" ಎಂದಳು ಅಮ್ಮ.

ಅಪ್ಪ. ಆಗತಾನೆ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು, ಒಗೆದ ಪಂಚೆಯುಟ್ಟು ನಿಂತಿದ್ದ. ಅಮ್ಮ ಮೂಗನ್ನು ಒಂದೆರಡು ಸಲ ಏರಿಸಿ ಇಳಿಸಿದಳು. "ನೀವಾ? ಗೊತ್ತೇ ಆಗ್ಲಿಲ್ಲ. ಬರೀ ಸೋಪ್ ವಾಸ್ನೆ ಬತ್ತೈತೆ. ಬ್ಯಾರೆ ಯಾರ ಮನೆಯೋರೋ ಬಂದಂಗಾಯ್ತು."

ಅಪ್ಪ ತಿರುಗಿ ಹೊರಟ. ನೊಂದುಕೊಂಡನೇನೋ ಎಂದು ನಾನು ಬೀದಿಗೆ ಓಡಿ ಬಂದರೆ, ಆ ಉರಿಬಿಸಿಲಲ್ಲಿ, ಜೀವಮಾನದಲ್ಲಿ ಅವಸರ ಮಾಡದ ಮನುಷ್ಯ ಪಂಚೆ ಎತ್ತಿ ಕಟ್ಟಿಕೊಂಡು ಲಕ್ಕಪ್ಪನ ತೋಟದ ಕಡೆಗೆ ಓಡುತ್ತಿದ್ದ.

ವಾಪಸ್ ಬಂದಾಗ ಕೈಯಲ್ಲಿ ಒಂದು ಕೊಬ್ಬರಿ ಗಿಟುಕು. ನಮ್ಮ ಕಾಯಲ್ಲ, ಲಕ್ಕಪ್ಪನ ಮನೆಯ ಹಿಂದಿನ ವರ್ಷದ್ದು. ಅದನ್ನು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತ.

"ಇಲ್ಲಿಗೆ ಬತ್ತೈತಾ ವಾಸ್ನೆ?"

"ಇಲ್ಲ. ಇನ್ನೊಂದ್ ಚೂರು ಹತ್ರ ಬನ್ನಿ."

ಅಪ್ಪ ಒಂದು ಹೆಜ್ಜೆ ಇಟ್ಟು ನಿಂತ. ನಾನು ಬಕೆಟ್ ಹಿಡಿದು ಸಿದ್ಧಳಾಗಿದ್ದೆ.

"ಈಗ?"

"ಇನ್ನೂ ಹತ್ರ."

ಹೀಗೆ ನಡುಮನೆ ದಾಟಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ಅಮ್ಮನ ಚಾಪೆಯ ಅಂಚಿನಲ್ಲಿ ಕೂತ. ಅವಳು ಆ ಗಿಟುಕನ್ನೂ ಅದನ್ನು ಹಿಡಿದಿದ್ದ ಕೈಯನ್ನೂ ಸೇರಿಸಿ ಮುಖಕ್ಕೆ ಒತ್ತಿಕೊಂಡು ದೀರ್ಘವಾಗಿ ಉಸಿರೆಳೆದಳು. ಏನೂ ಆಗಲಿಲ್ಲ. ಅಪ್ಪ ಅಳಲು ಶುರುಮಾಡಿದ.

"ಆಮೇಲ್ ಅಳೋರಂತೆ. ಉಳಿದ ಮೂರಕ್ಕೂ ಮಾತ್ರೆ ಈಗ್ಲೇ ತಂದಿಡಿ" ಎಂದಳು ಅಮ್ಮ.

ಅವಳು ಆಮೇಲೆ ಒಂಬತ್ತು ವರ್ಷ ಇದ್ದಳು. ಮಾರನೇ ವರ್ಷ ಅಟ್ಟ ತುಂಬಿತು, ಅಪ್ಪನ ಮೈಗೆ ಹಳೆಯ ವಾಸನೆ ಬಂತು. ಲಕ್ಕಪ್ಪನ ಮನೆಯ ಆ ಗಿಟುಕು ಮಾತ್ರ ಕರಿಬೇವಿನ ಡಬ್ಬಿಯ ಪಕ್ಕದಲ್ಲಿ ಕಮಟು ಹಿಡಿದರೂ, ನಾನು ಎಸೆಯಲು ಹೋದಾಗಲೆಲ್ಲ ಅಮ್ಮ, "ಇರ್ಲಿ ಬಿಡೇ" ಎನ್ನುತ್ತಿದ್ದಳು.