ಬೇಗ ಕಪ್ಪಾಗುವ ಎಣ್ಣೆ

"ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ! ಆ ಡಬ್ಬ ಅಲ್ಲೇ ಇಡು!"

"ಎಲ್ಲಿಡ್ಲಿ ಅಮ್ಮಾ, ನನ್ನ ತಲೆ ಮೇಲಾ? ಇನ್ನೇನು ಆಸ್ಪತ್ರೆಯಿಂದ ಅಪ್ಪನ್ನ ತಂದುಬಿಡ್ತಾರೆ. ಮಲಗಿಸೋಕೆ ಆರಡಿ ಜಾಗ ಇಲ್ಲ ಈ ಮನೇಲಿ. ಸತ್ತ ಮೇಲೂ ಮನುಷ್ಯ ಡಬ್ಬದ ಮೇಲೇ ಮಲಗ್ಬೇಕಾ?"

"ಬದುಕಿದ್ದಾಗ ಮಲಗಿರ್ಲಿಲ್ವಾ? ಮಂಚದ ಕೆಳಗೆ ಹೋಗಿ ನೋಡು, ತುಂಬಾ ಅದೇ."

ಮಗ ಎರಡು ಕೈಯಲ್ಲೂ ಒಂದೊಂದು ಡಬ್ಬ ಹಿಡಿದು ನಡುಮನೆಯಲ್ಲಿ ನಿಂತಿದ್ದ. ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಇಂಜಿನ್ ಆಯಿಲ್ ಡಬ್ಬಗಳು. ಹಳದಿಯವು, ಕೆಂಪಿನವು, ಹುಟ್ಟಿಸಿದವನೂ ಮರೆತಿರಬಹುದಾದ ಕಂಪನಿಗಳವು. ಟಿವಿ ಕೂತಿದ್ದುದು ಎಣ್ಣೆ ಪೆಟ್ಟಿಗೆಯ ಮೇಲೆ. ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನ ಭರಣಿಯ ಪಕ್ಕ ಎರಡು, ಬಚ್ಚಲಿನ ಅಟ್ಟದ ಮೇಲೆ ಎಂಟೋ ಹತ್ತೋ. ಎಲ್ಲಿ ರಿಯಾಯಿತಿ ಎಂದು ಬೋರ್ಡು ಬಿದ್ದರೂ ಅಪ್ಪ ಎರಡು ಚೀಲ ಹಿಡಿದು ಓಡುತ್ತಿದ್ದ. ಬೀದಿಯವರು ಅವನಿಗೆ ಡಬ್ಬಣ್ಣ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಗುಜರಿಯವನಿಗೆ ಹೇಳಿದೀನಿ. ಸಂಜೆ ಬಂದು ಎಲ್ಲಾ ಎತ್ಕೊಂಡು ಹೋಗ್ತಾನೆ," ಎಂದ ಮಗ.

ತಾಯಿ ಅವನ ಕೈಯಲ್ಲಿದ್ದ ಡಬ್ಬವೊಂದನ್ನು ಕಿತ್ತುಕೊಂಡಳು. ಗಂಡ ಹೋದದ್ದು ಹೋದ. ಈ ಡಬ್ಬಗಳೂ ಹೋದರೆ ಈ ಮಕ್ಕಳು ಇನ್ನು ಯಾವ ನೆಪಕ್ಕೆ ಈ ಹೊಸ್ತಿಲು ತುಳಿಯುತ್ತಾರೆ? ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಗಂಡನಿಗೆ ಮಾತು ಕೊಟ್ಟಿದ್ದಳು.

"ಹೆಣ ಬರೋ ಮನೇಲಿ ಇದೇನು ಬೀದಿಜಗಳ?" ಎಂದು ಮಗಳು ನಡುವೆ ಬಂದಳು. "ಅಣ್ಣಾ, ಅರ್ಧ ಹಿತ್ತಿಲಿಗೆ ಸಾಗ್ಸು. ಉಳಿದರ್ಧ ಸಾಲಾಗಿಡು, ಬಂದವರು ಕೂತ್ಕೊಳ್ಳೋಕಾದ್ರೂ ಆಗುತ್ತೆ. ಅಷ್ಟು ಕುರ್ಚಿ ಎಲ್ಲಿದೆ ನಮ್ಮನೇಲಿ?"

*

ಹಾಗೆ ಡಬ್ಬಣ್ಣನನ್ನು ಕಳಿಸಿಕೊಡಲು ಬಂದವರು ಡಬ್ಬಣ್ಣನ ಡಬ್ಬಗಳ ಮೇಲೇ ಕೂತರು. ನಡುವೆ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮಲಗಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ಗಾಡಿ ಬಿಡಿಭಾಗದ ಅಂಗಡಿಯವನು ಮಾತು ಶುರು ಮಾಡಿದ.

"ಅಂಗಡಿಗೆ ಬಂದ್ರೆ ಮೊದಲನೇ ಮಾತೇ, 'ಎಲ್ಲಕ್ಕಿಂತ ಕಡಿಮೇದು ಯಾವುದಪ್ಪಾ?' ಒಳ್ಳೇ ಮಾಲು ತೋರಿಸಿದ್ರೆ ಹಾವು ಕಂಡ ಹಾಗೆ ಹಿಂದೆ ಸರೀತಿದ್ದ."

"ಜಿಪುಣ ಅಂದ್ರೆ ಜಿಪುಣ," ಎಂದ ಪಕ್ಕದ ಮನೆ ದರ್ಜಿ. "ಒಂದು ಪ್ಯಾಂಟು ಹತ್ತು ವರ್ಷ ತೊಟ್ಟ. ತೇಪೆ ಹಾಕಿ ಹಾಕಿ ಕೊನೆಗೆ ಅದರಲ್ಲಿ ಪ್ಯಾಂಟಿಗಿಂತ ನನ್ನ ಕೆಲಸವೇ ಜಾಸ್ತಿ ಇತ್ತು."

ಅಳಿಯ ಮೆಲ್ಲಗೆ ನಕ್ಕ. "ನನ್ನ ಕಥೆ ಕೇಳಿ. ನಮ್ಮ ಕಾರಿನ ಎಣ್ಣೆ ಯಾವಾಗ್ಲೂ ಮಾವನೇ ಬದಲಾಯಿಸ್ತಿದ್ರು. ಒಂದ್ಸಲ ನಾನೇ ಹೊರಗಡೆ ದುಬಾರಿ ಎಣ್ಣೆ ಹಾಕಿಸ್ಕೊಂಡು ಬಂದೆ. 'ಇನ್ನೊಂದು ವರ್ಷ ಬಾನೆಟ್ ತೆಗೆಯೋ ಹಾಗಿಲ್ಲ ಮಾವ' ಅಂದೆ. ಮುಖ ಇಷ್ಟುದ್ದ ಆಯ್ತು! ಹೊರಡೋ ತನಕ ನನ್ನ ಹತ್ರ ಮಾತಾಡ್ಲಿಲ್ಲ. ದುಡ್ಡು ನಂದು, ಹೊಟ್ಟೆ ಉರಿದಿದ್ದು ಅವ್ರಿಗೆ."

ಎಲ್ಲರೂ ನಕ್ಕರು. ಮಗನೂ ನಕ್ಕ. "ಅಷ್ಟೇ ಅಲ್ಲ, ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸೋಕೆ ಇಟ್ರೆ ಮುಗೀತು. ಎಲ್ಲಾ ಇಳಿದು ಯಾವ ಕಾಲ ಆಗಿರ್ತಿತ್ತು, ಬಿಡ್ತಿರ್ಲಿಲ್ಲ. 'ಕೊನೇ ಹನಿ ಇಳೀಲಿ, ಇರ್ರೋ' ಅನ್ನೋನು."

ನಗುತ್ತಲೇ ಅವನ ಕಣ್ಣು ಮಲಗಿದ್ದ ಅಪ್ಪನ ಕಡೆ ಹೋಯಿತು. ನಗು ಅಲ್ಲೇ ನಿಂತಿತು. ತಾಯಿ ಮಾತ್ರ ಮೊದಲಿನಿಂದಲೂ ನಕ್ಕಿರಲಿಲ್ಲ.

*

ಅಳಿಯ ದುಬಾರಿ ಎಣ್ಣೆ ಹಾಕಿಸಿಕೊಂಡು ಬಂದ ಆ ದಿನ, ಮಗಳ ಕಾರು ಬೀದಿ ತಿರುಗಿದ ಮೇಲೆ, ಗಂಡ ಹಿತ್ತಿಲ ನಲ್ಲಿಯ ಹತ್ತಿರ ಕೈ ಉಜ್ಜುತ್ತಾ ಕೂತಿದ್ದ. ಕೈಯಲ್ಲಿ ಅಂದು ಮಸಿಯೇ ಇರಲಿಲ್ಲ. ಅಭ್ಯಾಸಬಲ.

"ಮುಗೀತು. ಇನ್ನೊಂದು ವರ್ಷ ಮಗಳು ಬರಲ್ಲ," ಎಂದ.

"ಬರದೇ ಏನು? ಫೋನ್ ಮಾಡಿ ಕರೀರಿ."

"ಕರೆದ್ರೆ ಬರ್ತಾರೆ ಕಣೇ. ಬಂದು ಕುರ್ಚಿ ತುದೀಲಿ ಕೂತು ಗಡಿಯಾರ ನೋಡ್ತಾರೆ. ಅದೇ ಎಣ್ಣೆ ಇಳಿಸೋಕೆ ಇಟ್ಟೆ ಅಂತಿಟ್ಕೋ, ಎದ್ದು ಹೋಗ್ತೀನಿ ಅಂದ್ರೂ ಆಗಲ್ಲ. ಇಂಜಿನ್ ಬರಿದಾಗಿರುತ್ತೆ. ಅಷ್ಟು ಹೊತ್ತು ಅವರು ನಮ್ಮವರು."

ಅವಳು ಗಂಡನ ಮುಖ ನೋಡಿದಳು. ಪಂಪ್‌ಹೌಸಿನಲ್ಲಿ ಇಡೀ ಊರಿಗೆ ನೀರೆತ್ತುವ ಯಂತ್ರಗಳನ್ನು ಮಗುವಿನ ಹಾಗೆ ಸಾಕಿದವನು, ಮನೆಯ ಗಾಡಿಗಳಿಗೆ ಕಳಪೆ ಎಣ್ಣೆ ಯಾಕೆ ತರುತ್ತಾನೆ ಎಂಬುದು ಅವಳಿಗೆ ಆವತ್ತೇ ತಿಳಿದದ್ದು.

"ಒಳ್ಳೇ ಎಣ್ಣೆ ವರ್ಷ ಬಾಳುತ್ತೆ," ಎಂದ ಅವನು. "ಇದು ಮೂರು ತಿಂಗಳಿಗೆ ಕಪ್ಪಾಗುತ್ತೆ. ಅದೇ ಇದರ ದೊಡ್ಡ ಗುಣ. ಕಪ್ಪಾದ ತಕ್ಷಣ ಬದಲಾಯಿಸಿದ್ರೆ ಇಂಜಿನ್‌ಗೇನೂ ಆಗಲ್ಲ."

"ಅಯ್ಯೋ ದೇವರೇ! ಇದನ್ನ ಆ ಮಕ್ಕಳಿಗೇ ಹೇಳಬಾರ್ದಾ?"

"ಬಾಯಿ ಬಿಟ್ಟೀಯ ಮತ್ತೆ! ಗೊತ್ತಾದ್ರೆ ಕರುಣೆಗೆ ಬರ್ತಾರೆ. ಜಿಪುಣ ಅಂತ ಬೈಕೊಂಡೇ ಬರ್ಲಿ. ಆಣೆ ಮಾಡು."

ಮಾಡಿದಳು.

ಮುಂದಿನ ಸಲ ಅಳಿಯನನ್ನು ಹೇಗೋ ಪುಸಲಾಯಿಸಿ ಅಗ್ಗದ ದಾರಿಗೇ ತಂದ. ಮಗನ ವಿಷಯದಲ್ಲಿ ಮಾತ್ರ ಆಟ ನಡೆಯಲಿಲ್ಲ. ಎರಡು ವರ್ಷದ ಹಿಂದೆ ಮಗ ಬ್ಯಾಟರಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಸದ್ದೇ ಇಲ್ಲ, ಬೆಕ್ಕು ಬಂದ ಹಾಗೆ. ಅಪ್ಪ ಬಾನೆಟ್ ತೆಗೆಸಿ ಒಳಗೆ ಬಹಳ ಹೊತ್ತು ಇಣುಕಿದ.

"ಎಣ್ಣೆ ಎಲ್ಲಿ ಹಾಕೋದೋ?"

"ಹಾಕೋ ಹಾಗೇ ಇಲ್ಲ ಅಪ್ಪ. ನಿನ್ನ ಡಬ್ಬದ ಕಾಟ ತಪ್ತು!"

ಅಪ್ಪನೂ ನಕ್ಕ. ಹೆಗಲ ಮೇಲಿದ್ದ ಬಟ್ಟೆಯಿಂದ ಧೂಳಿಲ್ಲದ ಬಾನೆಟ್ಟನ್ನು ಒರೆಸಿದ. ಆಮೇಲೆ ಮಗ ಬರುವುದು ವರ್ಷಕ್ಕೊಮ್ಮೆ ಆಯಿತು. ಆದರೂ ರಿಯಾಯಿತಿ ಬಂದಾಗಲೆಲ್ಲ ಮಗನ ಪಾಲಿನ ಡಬ್ಬ ತರುವುದನ್ನು ಅವನು ಬಿಡಲಿಲ್ಲ. ಕೇಳಿದರೆ, "ಬ್ಯಾಟರಿ ಎಷ್ಟು ದಿನ ಬಾಳುತ್ತೆ ಬಿಡು. ಮುಂದಿನ ಗಾಡಿಗೆ ಬೇಕಾಗುತ್ತೆ," ಎನ್ನುತ್ತಿದ್ದ.

*

ಮಣ್ಣು ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಮನೆಯವರಷ್ಟೇ ಉಳಿದಿದ್ದರು. ಮಗ ಮತ್ತೆ ಡಬ್ಬಗಳನ್ನು ಬಾಗಿಲಿಗೆ ತಂದು ಜೋಡಿಸತೊಡಗಿದ. ಬೆಳಗಿನ ಸಿಟ್ಟು ಈಗ ಇರಲಿಲ್ಲ.

"ಒಂದು ಹೇಳಮ್ಮ. ಅಪ್ಪನಷ್ಟು ಇಂಜಿನ್ ತಿಳಿದೋರು ಈ ಊರಲ್ಲಿಲ್ಲ. ಈ ದರಿದ್ರ ಮಾಲನ್ನೇ ಯಾಕೆ ತರ್ತಿದ್ದ?"

ಅವಳು ಗೋಡೆಗೆ ಒರಗಿ ಕೂತಿದ್ದಳು. ಆಣೆ ಮಾಡಿಸಿಕೊಂಡವನೇ ಹೇಳದೆ ಕೇಳದೆ ಎದ್ದು ಹೋದ. ಇನ್ನೆಂಥ ಆಣೆ?

"ಬೇಗ ಕೆಡುತ್ತೆ ಅಂತ ಕಣೋ, ದಡ್ಡ ಮುಂಡೇದೇ!" ಎಂದಳು. "ಒಳ್ಳೇದು ಹಾಕಿದ್ರೆ ನೀವು ವರ್ಷಕ್ಕೊಂದ್ಸಲ ಬರ್ತಿದ್ರಿ. ಇದಕ್ಕಾದ್ರೆ ಮೂರು ತಿಂಗಳಿಗೆ ಬರ್ಲೇಬೇಕು. ಅದಕ್ಕೇ ಜಿಪುಣ ಅನ್ನಿಸ್ಕೊಂಡ. ಅದಕ್ಕೇ ಕೊನೇ ಹನಿ ತನಕ ಕೂರಿಸ್ಕೊಂಡ. ಈಗ ತಗೊಂಡು ಹೋಗು, ಗುಜರಿಗೆ ಹಾಕು!"

ಮಗಳು ಕೈಯಲ್ಲಿದ್ದ ಪೊರಕೆಯನ್ನು ಹಾಗೇ ಹಿಡಿದು ನಿಂತಳು.

"ನನ್ನ ಕಾರಿಗೆ ಎಣ್ಣೇನೇ..." ಎಂದು ಮಗ ಶುರು ಮಾಡಿದ. ಕೈಯಲ್ಲಿದ್ದ ಡಬ್ಬವನ್ನು ಹಿಡಿದೇ ಬಾಗಿಲು ದಾಟಿ ಹೊರಗೆ ಹೋದ.

ಗುಜರಿಯವನು ಬಂದ. "ಇಲ್ಲಿ ಹಾಕೋಕೇನೂ ಇಲ್ಲ, ಹೋಗಪ್ಪ," ಎಂದು ತಾಯಿ ಕಳಿಸಿಬಿಟ್ಟಳು. ಮಗನಿಗೆಂದು ಬಸಿದಿಟ್ಟ ಚಹಾ ಆರಿ ಕೆನೆ ಕಟ್ಟಿತು. ಅವನು ಒಳಗೆ ಬರಲಿಲ್ಲ.

"ಹೇಳದೇ ಹೊರಟ್ನಾ?" ಎಂದಳು ತಾಯಿ. ಬ್ಯಾಟರಿ ಕಾರು ಹೋದರೆ ಸದ್ದಾದರೂ ಎಲ್ಲಿ ಕೇಳುತ್ತದೆ?

ಅಂಗಳದಲ್ಲಿ ಕಬ್ಬಿಣ ಟಣ್ಣೆಂದಿತು. ಅವಳು ಎದ್ದು ಕಿಟಕಿಗೆ ಬಂದಳು.

ಮಗಳ ಕಾರು ಮರದ ತುಂಡುಗಳ ಮೇಲೆ ಹತ್ತಿ ನಿಂತಿತ್ತು. ಕೆಳಗೆ ಅಪ್ಪ ಹಾಸಿಕೊಳ್ಳುತ್ತಿದ್ದ ಅದೇ ರಟ್ಟು. ರಟ್ಟಿನಿಂದಾಚೆ ಚಾಚಿಕೊಂಡ ಎರಡು ಕಾಲು, ಮಣ್ಣಿಗೆಂದು ಹಾಕಿಕೊಂಡಿದ್ದ ಕಪ್ಪು ಪ್ಯಾಂಟಿನವು.

ಅಳಿಯ ಕೀಲಿಕೈ ಹುಡುಕುತ್ತಾ ಅಂಗಳಕ್ಕಿಳಿದವನು ನಿಂತುಬಿಟ್ಟ. "ಇದೇನು ಭಾವ? ಕತ್ತಲಾಗೋದ್ರೊಳಗೆ ನಾವು ಹೊರಡ್ಬೇಕಿತ್ತಲ್ಲ."

"ಆಗಲ್ಲ," ಎಂದಿತು ಕಾರಿನ ಕೆಳಗಿನಿಂದ ಮಗನ ದನಿ. "ಇಂಜಿನ್ ಬರಿದಾಗಿದೆ. ಕೊನೇ ಹನಿ ಇಳೀಲಿ, ಇರು."

ದಾರದಂತೆ ಸುರಿಯುತ್ತಿದ್ದ ಕಪ್ಪು ಎಣ್ಣೆ ಹನಿಗೆ ತಿರುಗಿತ್ತು. ಬಾಣಲಿಗೆ ಒಂದು ಹನಿ ಬಿತ್ತು. ಬಹಳ ಹೊತ್ತಿಗೆ ಇನ್ನೊಂದು.